ಬೆಸುಗೆಯೋ ಗಂಟೋ: ಅಮೆರಿಕ ಸರ್ಕಾರ ಮತ್ತು ಮೈಕ್ರೋಸಾಫ್ಟ್ ನಡುವಣ ಬ್ರೌಸರ್ ಪ್ರಕರಣ

1997ರ ಡಿಸೆಂಬರ್ ತಿಂಗಳಲ್ಲಿ ವಾಷಿಂಗ್ಟನ್ನಿನ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಅಧ್ಯಯನವನ್ನು ಆರಂಭಿಸುವುದು ಅನುಕೂಲ. ವಿಂಡೋಸ್ 95 ಬೇಕೆಂದು ಬರುವ ಕಂಪ್ಯೂಟರ್ ತಯಾರಕರು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನೂ ತೆಗೆದುಕೊಳ್ಳಲೇಬೇಕೆಂಬ ಷರತ್ತನ್ನು ಹಾಕಬಾರದೆಂದು ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಆ ತಿಂಗಳ 11ರಂದು ಮೈಕ್ರೋಸಾಫ್ಟ್ ಕಂಪನಿಗೆ ಮಧ್ಯಂತರ ಆದೇಶ ಕೊಟ್ಟಿದ್ದರು. ಆದೇಶವನ್ನು ಪಾಲಿಸುತ್ತೇವೆಂದು ಹೇಳಿದ ಕಂಪನಿಯು ತಯಾರಕರ ಮುಂದಿಟ್ಟ ಆಯ್ಕೆಗಳು ಮಾತ್ರ ವಿಚಿತ್ರವಾಗಿದ್ದವು. ಒಂದೋ ಎರಡು ವರ್ಷಕ್ಕೂ ಹಳೆಯದಾದ, ಬ್ರೌಸರ್ ಇಲ್ಲದ ವಿಂಡೋಸ್ 95ರ ಮೂಲ ಆವೃತ್ತಿಯನ್ನು ಒಯ್ಯಬಹುದಿತ್ತು. ಇಲ್ಲವೇ ಎಕ್ಸ್‌ಪ್ಲೋರರಿನ ಕಡತಗಳನ್ನೆಲ್ಲ ಕಿತ್ತುಹಾಕಿದ ಹೊಸ ಆವೃತ್ತಿಯನ್ನು ಒಯ್ಯಬಹುದಿತ್ತು, ಆದರೆ ಅದು ಚಾಲೂ ಆಗುತ್ತಿರಲಿಲ್ಲ. ಇದನ್ನು ಕೇಳಿದ ಜಾಕ್ಸನ್, ತಮ್ಮ ನ್ಯಾಯಾಲಯದ ಸಿಬ್ಬಂದಿಯ ಮೂಲಕ ವಿಂಡೋಸಿನ ‘ಆಡ್/ರಿಮೂವ್ ಪ್ರೋಗ್ರಾಮ್ಸ್’ ಸೌಲಭ್ಯವನ್ನೇ ಬಳಸಿ ಬ್ರೌಸರನ್ನು ತೆಗೆಸಿ ನೋಡಿದ್ದಾಗಿಯೂ, ಅದಕ್ಕೆ 90 ಸೆಕೆಂಡು ಕೂಡ ಬೇಕಾಗಲಿಲ್ಲವೆಂದೂ, ವಿಂಡೋಸ್ ಎಂದಿನಂತೆ ಕೆಲಸ ಮಾಡುತ್ತಿತ್ತೆಂದೂ ತೆರೆದ ನ್ಯಾಯಾಲಯದಲ್ಲಿ ಹೇಳಿದರು. ಹಾಗೆ ಹೋದದ್ದು ಪರದೆಯ ಮೇಲಿನ ಚಿಹ್ನೆ ಮತ್ತು ಒಂದಷ್ಟು ಸಣ್ಣ ಕಡತಗಳು ಮಾತ್ರ, ಬ್ರೌಸರಿನ ಬಹುಪಾಲು ಕೋಡ್ ಇನ್ನೂ ವಿಂಡೋಸಿನ ಒಳಗೇ ಕುಳಿತಿದೆ ಎಂಬುದು ಕಂಪನಿಯ ಉತ್ತರವಾಗಿತ್ತು.

ಸ್ವಾರಸ್ಯವೆಂದರೆ ಇಬ್ಬರೂ ಹೇಳಿದ್ದು ನಿಜವೇ. ಬಳಕೆದಾರನ ಕಣ್ಣಿಗೆ ಬ್ರೌಸರ್ ಹೋಗಿತ್ತು, ಎಂಜಿನಿಯರನ ಕಣ್ಣಿಗೆ ಅದು ಅಲ್ಲೇ ಇತ್ತು. ಒಂದು ತಂತ್ರಾಂಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ, ಅವೆರಡನ್ನು ಸೇರಿಸಿರುವುದು ಬಿಚ್ಚಲಾಗದ ಬೆಸುಗೆಯೋ ಅಥವಾ ವ್ಯಾಪಾರಿಯು ಬೇಕೆಂದೇ ಹಾಕಿದ ಗಂಟೋ ಎಂಬ ಪ್ರಶ್ನೆಯನ್ನು ಅಮೆರಿಕದ ನ್ಯಾಯಾಲಯಗಳು ಸುಮಾರು ಐದು ವರ್ಷ ಮಗುಚಿ ಮಗುಚಿ ನೋಡಿದವು. ಈ ಪ್ರಕರಣವನ್ನು ಸಾಮಾನ್ಯವಾಗಿ ‘ಬ್ರೌಸರನ್ನು ವಿಂಡೋಸಿಗೆ ಸೇರಿಸಿದ್ದಕ್ಕೆ ಮೈಕ್ರೋಸಾಫ್ಟ್ ಸೋತ ಮೊಕದ್ದಮೆ’ ಎಂದು ನೆನೆಯಲಾಗುತ್ತದೆ. ದಾಖಲೆಗಳನ್ನು ಗಮನವಿಟ್ಟು ಓದಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಜೋಡಿಸಿ ಮಾರಿದರೆಂಬ ಆರೋಪವೇ ಕೊನೆಯವರೆಗೂ ತೀರ್ಮಾನವಾಗದೆ ಉಳಿಯಿತು; ಕಂಪನಿಯನ್ನು ಕಟ್ಟಿಹಾಕಿದ್ದು ಪರವಾನಗಿ ಪತ್ರಗಳ ಷರತ್ತುಗಳು, ಒಂದು ಪಟ್ಟಿಯಿಂದ ಕಾಣೆಯಾದ ಒಂದು ಹೆಸರು ಮತ್ತು ಅದರದೇ ಅಧಿಕಾರಿಗಳ ಮಿಂಚಂಚೆಗಳು.

ಬ್ರೌಸರಿಗೆ ಹೆದರಿದ್ದೇಕೆ

ಒಂದು ಆಪರೇಟಿಂಗ್ ಸಿಸ್ಟಮ್‌ನ ಮೇಲೆ ಏಕಸ್ವಾಮ್ಯ ಹೊಂದಿದ್ದ ಕಂಪನಿಯು, ಬೆಲೆಯೇ ಇಲ್ಲದೆ ಹಂಚುತ್ತಿದ್ದ ಒಂದು ಬ್ರೌಸರಿಗಾಗಿ ಅಷ್ಟೊಂದು ಹಣ ಮತ್ತು ಹಟವನ್ನು ಏಕೆ ಹೂಡಿತು ಎಂಬುದನ್ನು ತಿಳಿಯದಿದ್ದರೆ ಉಳಿದ ಯಾವುದೂ ಅರ್ಥವಾಗುವುದಿಲ್ಲ. 1990ರ ದಶಕದ ನಡುವಿನಲ್ಲಿ ಇಂಟೆಲ್ ಮಾದರಿಯ ಸಂಸ್ಕಾರಕವಿರುವ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ವಿಂಡೋಸಿನ ಪಾಲು ಶೇ 90ನ್ನು ದಾಟಿತ್ತು. ಆ ಕೋಟೆಯನ್ನು ಕಾಯುತ್ತಿದ್ದದ್ದು ವಿಂಡೋಸಿನ ಗುಣಮಟ್ಟಕ್ಕಿಂತ ಹೆಚ್ಚಾಗಿ ಅದಕ್ಕಾಗಿ ಬರೆದಿದ್ದ ಸಾವಿರಾರು ಅನ್ವಯ ತಂತ್ರಾಂಶಗಳು. ಜನ ವಿಂಡೋಸ್ ಕೊಳ್ಳುತ್ತಿದ್ದದ್ದು ಅದರಲ್ಲಿ ನಡೆಯುವ ತಂತ್ರಾಂಶಗಳು ಹೆಚ್ಚಿದ್ದವೆಂದು. ತಂತ್ರಾಂಶ ಬರೆಯುವವರು ವಿಂಡೋಸಿಗೇ ಬರೆಯುತ್ತಿದ್ದದ್ದು ಜನ ಅಲ್ಲಿದ್ದರೆಂದು. ಹೊಸ ಆಪರೇಟಿಂಗ್ ಸಿಸ್ಟಮ್ ಒಂದು ಎಷ್ಟೇ ಚೆನ್ನಾಗಿದ್ದರೂ ಈ ಸುತ್ತನ್ನು ಮುರಿದು ಒಳಗೆ ಬರುವುದು ಸಾಧ್ಯವಿರಲಿಲ್ಲ. ನ್ಯಾಯಾಲಯ ಮುಂದೆ ಇದನ್ನೇ ‘ಅನ್ವಯಗಳು ಒಡ್ಡುವ ಪ್ರವೇಶ ತಡೆ’ ಎಂದು ಕರೆಯಿತು.

ಜಿಮ್ ಕ್ಲಾರ್ಕ್ ಮತ್ತು ಮಾರ್ಕ್ ಆಂಡ್ರೀಸನ್ 1994ರಲ್ಲಿ ಹುಟ್ಟುಹಾಕಿದ ನೆಟ್‌ಸ್ಕೇಪ್ ಕಂಪನಿಯ ನ್ಯಾವಿಗೇಟರ್ ಬ್ರೌಸರ್ ಈ ತಡೆಯನ್ನು ಮುರಿಯಬಹುದಾದ ವಸ್ತುವಾಗಿ ಕಂಡದ್ದು ಅದು ಜಾಲತಾಣಗಳನ್ನು ತೋರಿಸುತ್ತಿತ್ತೆಂಬ ಕಾರಣಕ್ಕಷ್ಟೇ ಅಲ್ಲ. ನ್ಯಾವಿಗೇಟರ್ ವಿಂಡೋಸಿನಲ್ಲೂ ಮ್ಯಾಕ್‌ನಲ್ಲೂ ಯುನಿಕ್ಸ್‌ನಲ್ಲೂ ನಡೆಯುತ್ತಿತ್ತು, ಜೊತೆಗೆ ಸನ್ ಮೈಕ್ರೋಸಿಸ್ಟಮ್ಸ್‌ನ ಜಾವಾವನ್ನು, ಅಂದರೆ ಒಮ್ಮೆ ಬರೆದ ತಂತ್ರಾಂಶ ಹಲವು ಬಗೆಯ ಕಂಪ್ಯೂಟರುಗಳಲ್ಲಿ ನಡೆಯುವಂತೆ ಮಾಡುವ ವ್ಯವಸ್ಥೆಯನ್ನು, ಹೊತ್ತು ತರುತ್ತಿತ್ತು. ತಂತ್ರಾಂಶ ಬರೆಯುವವರು ವಿಂಡೋಸಿಗೆ ಬರೆಯುವ ಬದಲು ಬ್ರೌಸರಿಗೆ ಬರೆಯತೊಡಗಿದರೆ, ಅಡಿಯಲ್ಲಿರುವ ಆಪರೇಟಿಂಗ್ ಸಿಸ್ಟಮ್ ಯಾವುದೆಂಬುದು ಲೆಕ್ಕಕ್ಕೆ ಬಾರದ ಸಂಗತಿಯಾಗುತ್ತಿತ್ತು. ಬಿಲ್ ಗೇಟ್ಸ್ 1995ರ ಮೇ 26ರಂದು ತಮ್ಮ ಅಧಿಕಾರಿಗಳಿಗೆ ಕಳಿಸಿದ, ಇಂಟರ್ನೆಟ್ಟನ್ನು ಉಬ್ಬರದ ಅಲೆಗೆ ಹೋಲಿಸಿದ ಟಿಪ್ಪಣಿಯಲ್ಲಿ ಈ ಅಪಾಯವನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಅದೇ ಜೂನ್ 21ರಂದು ಎರಡೂ ಕಂಪನಿಗಳವರು ಸೇರಿದ ಸಭೆಯಲ್ಲಿ, ವಿಂಡೋಸ್ 95ರ ಬ್ರೌಸರ್ ಕ್ಷೇತ್ರವನ್ನು ತಮಗೆ ಬಿಟ್ಟುಕೊಡುವಂತೆ ಮೈಕ್ರೋಸಾಫ್ಟ್ ಕೇಳಿತೆಂಬುದು ಸರ್ಕಾರದ ಆರೋಪಗಳಲ್ಲೊಂದು. ನೆಟ್‌ಸ್ಕೇಪ್ ಒಪ್ಪಲಿಲ್ಲ. ಆಗಸ್ಟ್ 9ರಂದು ಅದರ ಷೇರುಗಳು 28 ಡಾಲರಿಗೆ ಮಾರುಕಟ್ಟೆಗೆ ಬಂದು, ದಿನದ ಕೊನೆಗೆ 58 ಡಾಲರ್ ದಾಟಿ ನಿಂತವು. ಹದಿನೈದು ದಿನಗಳ ನಂತರ ವಿಂಡೋಸ್ 95 ಬಿಡುಗಡೆಯಾಯಿತು. ಸ್ಪೈಗ್ಲಾಸ್ ಎಂಬ ಸಣ್ಣ ಕಂಪನಿಯಿಂದ ಪರವಾನಗಿ ಪಡೆದ ಕೋಡ್‌ನಿಂದ ಕಟ್ಟಿದ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಮೊದಲ ಆವೃತ್ತಿಯೂ ಬಂತು. ಅಂಗಡಿಯಲ್ಲಿ ಮಾರುತ್ತಿದ್ದ ವಿಂಡೋಸ್ 95ರ ಪೆಟ್ಟಿಗೆಯಲ್ಲಿ ಅದಿರಲಿಲ್ಲ, ‘ಪ್ಲಸ್!’ ಎಂಬ ಬೇರೆ ಪೊಟ್ಟಣದಲ್ಲಿ ಸಿಗುತ್ತಿತ್ತು. ಬೆಸುಗೆಯ ವಾದವನ್ನು ಮುಂದೆ ಹೂಡಿದವರಿಗೆ ಇದು ಮರೆಯಬೇಕಾದ ವಿವರವಾಗಿತ್ತು.

ಬಾಗಿಲುಗಳನ್ನು ಮುಚ್ಚಿದ ಬಗೆ

ಮೋಡೆಮ್ ಕಿರುಗುಡುತ್ತಿದ್ದ ಆ ಕಾಲದಲ್ಲಿ ಬ್ರೌಸರನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು, ನಡುವೆ ಫೋನ್ ಕಡಿದರೆ ಮತ್ತೆ ಮೊದಲಿನಿಂದ. ಆದ್ದರಿಂದ ಬಳಕೆದಾರನನ್ನು ತಲುಪಲು ನಿಜವಾಗಿ ಎರಡೇ ಹೆದ್ದಾರಿಗಳಿದ್ದವು. ಕಂಪ್ಯೂಟರ್ ತಯಾರಕರು ಕಾರ್ಖಾನೆಯಲ್ಲೇ ಬ್ರೌಸರನ್ನು ಹಾಕಿ ಕೊಡುವುದು ಒಂದು, ಇಂಟರ್ನೆಟ್ ಸಂಪರ್ಕ ಒದಗಿಸುವವರು ತಮ್ಮ ಚಂದಾದಾರರಿಗೆ ಕೊಡುವ ಡಿಸ್ಕಿನಲ್ಲಿ ಹಾಕುವುದು ಇನ್ನೊಂದು. ಮೈಕ್ರೋಸಾಫ್ಟ್ ಎರಡನ್ನೂ ಹಿಡಿಯಿತು.

ತಯಾರಕರೊಂದಿಗಿನ ಪರವಾನಗಿ ಪತ್ರಗಳಲ್ಲಿ ಎಕ್ಸ್‌ಪ್ಲೋರರಿನ ಚಿಹ್ನೆಯನ್ನು ತೆಗೆಯಬಾರದು, ಕಂಪ್ಯೂಟರನ್ನು ಮೊದಲ ಬಾರಿ ಹಚ್ಚಿದಾಗ ಕಾಣುವ ಪರದೆಗಳ ಕ್ರಮವನ್ನು ಬದಲಿಸಬಾರದು ಎಂಬ ನಿಬಂಧನೆಗಳಿದ್ದವು. 1996ರಲ್ಲಿ ಕಾಂಪ್ಯಾಕ್ ತನ್ನ ಪ್ರೆಸಾರಿಯೊ ಯಂತ್ರಗಳಲ್ಲಿ ಎಕ್ಸ್‌ಪ್ಲೋರರಿನ ಚಿಹ್ನೆ ತೆಗೆದು ನ್ಯಾವಿಗೇಟರನ್ನು ಇಟ್ಟಾಗ, ವಿಂಡೋಸಿನ ಪರವಾನಗಿಯನ್ನೇ ರದ್ದು ಮಾಡುವುದಾಗಿ ಮೈಕ್ರೋಸಾಫ್ಟ್ ನೋಟಿಸು ಕಳಿಸಿತು. ವಿಂಡೋಸ್ ಇಲ್ಲದ ಪ್ರೆಸಾರಿಯೊವನ್ನು ಕೊಳ್ಳುವವರು ಯಾರು? ಕಾಂಪ್ಯಾಕ್ ಚಿಹ್ನೆಯನ್ನು ಮರಳಿ ಅದರ ಜಾಗದಲ್ಲಿಟ್ಟಿತು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಂತೂ 1997ರಲ್ಲಿ ಬರೆದ ಪತ್ರದಲ್ಲಿ, ಬೇರೊಬ್ಬ ಪೂರೈಕೆದಾರನ ಆಯ್ಕೆ ತಮಗೆ ಇದ್ದಿದ್ದರೆ ನಿಮ್ಮನ್ನು ಖಂಡಿತ ಆರಿಸಿಕೊಳ್ಳುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿತ್ತು. ಏಕಸ್ವಾಮ್ಯ ಎಂಬ ಪದಕ್ಕೆ ಇಷ್ಟು ಚೊಕ್ಕವಾದ ವಿವರಣೆಯನ್ನು ಅರ್ಥಶಾಸ್ತ್ರಜ್ಞರು ಕೂಡ ಕೊಡಲಿಲ್ಲ ಎನಿಸುತ್ತದೆ. ಬೈಯುತ್ತಲೇ ಕೊಳ್ಳಬೇಕಾದ ಗಿರಾಕಿಯ ಸ್ಥಿತಿ ಅದು.

ಎರಡನೆಯ ಹೆದ್ದಾರಿಯಲ್ಲಿ ಬೆದರಿಕೆಗಿಂತ ಆಮಿಷ ಹೆಚ್ಚಾಗಿತ್ತು. 1996ರ ಮಾರ್ಚಿನಲ್ಲಿ ಅಮೆರಿಕ ಆನ್‌ಲೈನ್ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಂತೆ, ಅದು ತನ್ನ ಚಂದಾದಾರರಿಗೆ ಎಕ್ಸ್‌ಪ್ಲೋರರನ್ನೇ ಮುಖ್ಯ ಬ್ರೌಸರಾಗಿ ಕೊಡಬೇಕಿತ್ತು, ಬೇರೆ ಬ್ರೌಸರುಗಳನ್ನು ಶೇ 15ಕ್ಕಿಂತ ಹೆಚ್ಚು ಕಳಿಸುವಂತಿರಲಿಲ್ಲ. ಪ್ರತಿಯಾಗಿ ವಿಂಡೋಸಿನ ಡೆಸ್ಕ್‌ಟಾಪ್ ಮೇಲೆಯೇ ಅದರ ಸೇವೆಗೆ ಜಾಗ ಸಿಗುತ್ತಿತ್ತು. ಆ್ಯಪಲ್ ಜೊತೆ 1997ರ ಆಗಸ್ಟಿನಲ್ಲಿ ಆದ ಒಪ್ಪಂದ ಇನ್ನೊಂದು ಬಗೆಯದು. ಮ್ಯಾಕ್‌ಗಾಗಿ ಆಫೀಸ್ ತಂತ್ರಾಂಶವನ್ನು ಮುಂದುವರಿಸುವ ಭರವಸೆ ಮತ್ತು 15 ಕೋಟಿ ಡಾಲರ್ ಹೂಡಿಕೆ ಒಂದು ಕಡೆಯಾದರೆ, ಮ್ಯಾಕ್‌ನ ಮೊದಲ ಆಯ್ಕೆಯ ಬ್ರೌಸರ್ ಎಂಬ ಸ್ಥಾನ ಎಕ್ಸ್‌ಪ್ಲೋರರಿಗೆ ಎಂಬುದು ಇನ್ನೊಂದು ಕಡೆ.

ತಾಂತ್ರಿಕ ಬೆಸೆತ ಬಂದದ್ದು ಈ ಎಲ್ಲದರ ಜೊತೆಯಲ್ಲಿ. ವಿಂಡೋಸನ್ನು ಇನ್ನಷ್ಟು ಬಳಸಿಕೊಳ್ಳದೆ ಎಕ್ಸ್‌ಪ್ಲೋರರ್ ಗೆಲ್ಲುವುದು ಹೇಗೆಂದು ತಮಗೆ ತಿಳಿಯುತ್ತಿಲ್ಲ ಎಂಬ ಧಾಟಿಯಲ್ಲಿ ಹಿರಿಯ ಅಧಿಕಾರಿ ಜಿಮ್ ಆಲ್‌ಚಿನ್ ತಮ್ಮ ಮೇಲಧಿಕಾರಿ ಪಾಲ್ ಮಾರಿಟ್ಜ್ ಅವರಿಗೆ ಮಿಂಚಂಚೆ ಬರೆದಿದ್ದರು. ವಿಂಡೋಸ್ 98 ಬಂದಾಗ ಬ್ರೌಸರಿನ ಕೋಡ್ ಮತ್ತು ಆಪರೇಟಿಂಗ್ ಸಿಸ್ಟಮ್‌ನ ಕೋಡ್ ಒಂದೇ ಕಡತಗಳಲ್ಲಿ ಕಲೆತುಹೋಗಿದ್ದವು, ‘ಆಡ್/ರಿಮೂವ್ ಪ್ರೋಗ್ರಾಮ್ಸ್’ ಪಟ್ಟಿಯಲ್ಲಿ ಎಕ್ಸ್‌ಪ್ಲೋರರಿನ ಹೆಸರು ಇರಲಿಲ್ಲ, ಬಳಕೆದಾರ ಬೇರೆ ಬ್ರೌಸರನ್ನು ಆರಿಸಿಕೊಂಡಿದ್ದರೂ ಕೆಲವು ಸಂದರ್ಭಗಳಲ್ಲಿ ಎಕ್ಸ್‌ಪ್ಲೋರರೇ ತೆರೆದುಕೊಳ್ಳುತ್ತಿತ್ತು. ಜಾಕ್ಸನ್ ಒಮ್ಮೆ 90 ಸೆಕೆಂಡಿನಲ್ಲಿ ಮಾಡಿ ತೋರಿಸಿದ್ದನ್ನು ಇನ್ನು ಮಾಡಲಾಗುತ್ತಿರಲಿಲ್ಲ.

ಒಂದು ವಾಕ್ಯದ ಮೇಲಿನ ಜಗಳ

ಇಷ್ಟರಲ್ಲೇ ಒಂದು ಮೊಕದ್ದಮೆ ನಡೆದು ಮುಗಿದಿತ್ತು. ಹಿಂದಿನ ಬೇರೊಂದು ತನಿಖೆಯ ಫಲವಾಗಿ 1994ರಲ್ಲಿ ಕಂಪನಿ ಮತ್ತು ನ್ಯಾಯಾಂಗ ಇಲಾಖೆ ಮಾಡಿಕೊಂಡು, 1995ರ ಆಗಸ್ಟಿನಲ್ಲಿ ನ್ಯಾಯಾಲಯದ ಮುದ್ರೆ ಪಡೆದ ರಾಜಿ ಪತ್ರದಲ್ಲಿ, ವಿಂಡೋಸ್ ಕೊಡಲು ಬೇರೆ ಉತ್ಪನ್ನವನ್ನು ಕೊಳ್ಳಬೇಕೆಂಬ ಷರತ್ತು ಹಾಕಬಾರದೆಂದು ಬರೆಯಲಾಗಿತ್ತು. ಅದರ ಬೆನ್ನಿಗೇ, ‘ಏಕೀಕೃತ ಉತ್ಪನ್ನ’ಗಳನ್ನು ಅಭಿವೃದ್ಧಿಪಡಿಸುವುದಕ್ಕೆ ಇದು ಅಡ್ಡಿಯಲ್ಲವೆಂದೂ ಬರೆಯಲಾಗಿತ್ತು. ಮೊದಲ ಭಾಗವನ್ನು ಸರ್ಕಾರ ಹಿಡಿದುಕೊಂಡಿತು, ಎರಡನೆಯದನ್ನು ಕಂಪನಿ. 1997ರ ಅಕ್ಟೋಬರ್ 20ರಂದು ಸರ್ಕಾರವು ರಾಜಿಯ ಉಲ್ಲಂಘನೆಯಾಗಿದೆಯೆಂದು ದೂರಿ, ದಿನವೊಂದಕ್ಕೆ 10 ಲಕ್ಷ ಡಾಲರ್ ದಂಡ ಕೋರಿತು. ಲೇಖನದ ಆರಂಭದಲ್ಲಿ ಹೇಳಿದ ಡಿಸೆಂಬರಿನ ಆದೇಶ ಬಂದದ್ದು ಈ ಮೊಕದ್ದಮೆಯಲ್ಲೇ. 1998ರ ಜೂನಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಎರಡು ಕೆಲಸಗಳನ್ನು ಸೇರಿಸಿದ್ದರಿಂದ, ಗ್ರಾಹಕ ತಾನೇ ಅವನ್ನು ಜೋಡಿಸಿಕೊಂಡರೆ ಸಿಗದ ಯಾವುದಾದರೂ ಪ್ರಯೋಜನವಿದೆಯೆಂದು ಕಂಪನಿ ನಂಬುವಂತೆ ಹೇಳಬಲ್ಲದಾದರೆ ಅದು ಏಕೀಕೃತ ಉತ್ಪನ್ನವೇ ಎಂದಿತು. ತಂತ್ರಾಂಶದ ವಿನ್ಯಾಸ ಮಾಡುವುದು ನ್ಯಾಯಾಧೀಶರ ಕೆಲಸವಲ್ಲ ಎಂಬ ಅಳುಕು ಆ ತೀರ್ಪಿನ ಉದ್ದಕ್ಕೂ ಇದೆ.

ಸರ್ಕಾರ ಅಷ್ಟಕ್ಕೆ ಕಾದು ಕೂರಲಿಲ್ಲ. 1998ರ ಮೇ 18ರಂದೇ ನ್ಯಾಯಾಂಗ ಇಲಾಖೆಯೂ 20 ರಾಜ್ಯಗಳೂ ವಾಷಿಂಗ್ಟನ್ ಡಿ.ಸಿ.ಯೂ ಏಕಸ್ವಾಮ್ಯದ ದುರುಪಯೋಗವನ್ನು ತಡೆಯುವ 1890ರ ಶರ್ಮನ್ ಕಾಯ್ದೆಯ ಅಡಿಯಲ್ಲಿ ಹೊಸ ಮೊಕದ್ದಮೆಗಳನ್ನು ಹೂಡಿದ್ದವು. ಆರೋಪಗಳ ಪೈಕಿ ಇಲ್ಲಿ ಮುಖ್ಯವಾದವು ಮೂರು: ವಿಂಡೋಸಿನ ಏಕಸ್ವಾಮ್ಯವನ್ನು ಅಕ್ರಮ ಮಾರ್ಗದಿಂದ ಉಳಿಸಿಕೊಂಡದ್ದು, ಬ್ರೌಸರುಗಳ ಮಾರುಕಟ್ಟೆಯಲ್ಲೂ ಏಕಸ್ವಾಮ್ಯ ಪಡೆಯಲು ಯತ್ನಿಸಿದ್ದು, ಮತ್ತು ವಿಂಡೋಸಿಗೆ ಬ್ರೌಸರನ್ನು ಗಂಟುಹಾಕಿದ್ದು. ಮೂರನೆಯದು ನಮ್ಮ ಓದುಗರಿಗೆ ತೀರ ಪರಿಚಿತವಾದ ವ್ಯವಹಾರ. ಯೂರಿಯಾ ಬೇಕಿದ್ದರೆ ಜೊತೆಗೆ ಇನ್ನೊಂದು ಗೊಬ್ಬರವನ್ನೂ ಕೊಳ್ಳಲೇಬೇಕೆಂದು ಅಂಗಡಿಯವನು ‘ಲಿಂಕ್’ ಮಾಡಿದಾಗ ರೈತರು ಕೂಗುವುದು ಇದನ್ನೇ ಕುರಿತು. ಆದರೆ ಎರಡು ಚೀಲಗಳನ್ನು ಎಣಿಸುವಷ್ಟು ಸುಲಭವಾಗಿ ಎರಡು ತಂತ್ರಾಂಶಗಳನ್ನು ಎಣಿಸಲಾಗುವುದಿಲ್ಲ.

ವಿಚಾರಣೆ

1998ರ ಅಕ್ಟೋಬರ್ 19ರಂದು ಜಾಕ್ಸನ್ ಅವರ ಮುಂದೆಯೇ ವಿಚಾರಣೆ ಆರಂಭವಾಯಿತು. ಸರ್ಕಾರದ ಪರವಾಗಿ ಡೇವಿಡ್ ಬಾಯ್ಸ್ ವಾದಿಸಿದರು. ಗೇಟ್ಸ್ ಸಾಕ್ಷಿಕಟ್ಟೆಗೆ ಬರಲಿಲ್ಲ. ಅವರಿಂದ ಮೂರು ದಿನ ಪಡೆದ ಪೂರ್ವ ಹೇಳಿಕೆಯ ವಿಡಿಯೊವನ್ನು ತುಣುಕು ತುಣುಕಾಗಿ ನ್ಯಾಯಾಲಯದಲ್ಲಿ ತೋರಿಸಲಾಯಿತು. ‘ಕಾಳಜಿ’, ‘ಸ್ಪರ್ಧೆ’, ‘ನಾವು’ ಎಂಬಂತಹ ಸರಳ ಪದಗಳಿಗೂ ಅರ್ಥವೇನೆಂದು ಮರುಪ್ರಶ್ನಿಸುತ್ತ, ತಾವೇ ಬರೆದ ಮಿಂಚಂಚೆಗಳು ನೆನಪಿಲ್ಲವೆನ್ನುತ್ತ ಕುರ್ಚಿಯಲ್ಲಿ ತೂಗಾಡುತ್ತಿದ್ದ ಆ ಗೇಟ್ಸ್, ಎದುರು ಪಕ್ಷದ ಯಾವ ಸಾಕ್ಷಿಗಿಂತಲೂ ಹೆಚ್ಚು ಹಾನಿಯನ್ನು ತಮ್ಮ ಕಂಪನಿಗೆ ಮಾಡಿದರು. ಎರಡೂ ಕಡೆಯ ಮುಖ್ಯ ಅರ್ಥಶಾಸ್ತ್ರಜ್ಞರು ಎಂಐಟಿಯವರು: ಸರ್ಕಾರದ ಕಡೆಗೆ ಫ್ರಾಂಕ್ಲಿನ್ ಫಿಶರ್, ಕಂಪನಿಯ ಕಡೆಗೆ ರಿಚರ್ಡ್ ಶ್ಮಲೆನ್ಸಿ. ಹಿಂದೊಮ್ಮೆ ಗುರುಶಿಷ್ಯರಾಗಿದ್ದವರು ಇಲ್ಲಿ ಎದುರುಬದುರಾಗಿದ್ದರು.

ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಎಡ್ವರ್ಡ್ ಫೆಲ್ಟನ್ ಅವರ ಸಾಕ್ಷ್ಯ. ಅವರು ತಮ್ಮ ಸಹಾಯಕರೊಂದಿಗೆ ಒಂದು ಚಿಕ್ಕ ಪ್ರೋಗ್ರಾಮ್ ಬರೆದು, ವಿಂಡೋಸ್ 98ರಲ್ಲಿ ಬಳಕೆದಾರನಿಗೆ ಎಕ್ಸ್‌ಪ್ಲೋರರಿನ ಮೂಲಕ ಜಾಲ ನೋಡುವ ದಾರಿಗಳನ್ನೆಲ್ಲ ಮುಚ್ಚಿ ತೋರಿಸಿದರು. ಕೋಡ್‌ನ ಹಂಚಿಕೆಯ ಭಾಗಗಳನ್ನು ಅವರು ಮುಟ್ಟಲಿಲ್ಲ. ಬ್ರೌಸರ್ ಎಂದರೆ ಕಡತಗಳ ಪಟ್ಟಿ ಅಲ್ಲ, ಬಳಕೆದಾರನಿಗೆ ಸಿಗುವ ಒಂದು ಕೆಲಸ ಎಂಬುದು ಅವರ ನಿಲುವಿನ ತಿರುಳು. ಇಡೀ ವಿವಾದದಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತು ನನಗೆ ಕಂಡಿಲ್ಲ. ಇದಕ್ಕೆ ಉತ್ತರವಾಗಿ 1999ರ ಫೆಬ್ರವರಿಯಲ್ಲಿ ಆಲ್‌ಚಿನ್ ಒಂದು ವಿಡಿಯೊ ತಂದರು. ಫೆಲ್ಟನ್‌ರ ಪ್ರೋಗ್ರಾಮ್ ಓಡಿಸಿದ ಮೇಲೆ ವಿಂಡೋಸ್ ಹೇಗೆ ನಿಧಾನವಾಗುತ್ತದೆಂದು ಅದರಲ್ಲಿ ತೋರಿಸಲಾಗಿತ್ತು. ಬಾಯ್ಸ್ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿಸಿದರು. ಪರದೆಯ ಮೇಲಂಚಿನ ಅಕ್ಷರಗಳು ಕಂಪನಿ ಹೇಳಿದ ಕಥೆಗೆ ಹೊಂದುತ್ತಿರಲಿಲ್ಲ, ಒಂದೇ ಯಂತ್ರವೆಂದು ತೋರಿಸಿದ್ದು ಹಲವು ಯಂತ್ರಗಳ ಚಿತ್ರೀಕರಣವಾಗಿತ್ತು. ಪ್ರಯೋಗವನ್ನು ಮತ್ತೆ ಮಾಡಿ ತೋರಿಸಬೇಕಾಯಿತು. ವಾದದಲ್ಲಿ ಹುರುಳಿರಬಹುದಾಗಿದ್ದ ಕಡೆಯಲ್ಲೂ ಕಂಪನಿಯು ನಂಬಿಕೆ ಕಳೆದುಕೊಂಡದ್ದು ಹೀಗೆ.

ಜಾಕ್ಸನ್ 1999ರ ನವೆಂಬರ್ 5ರಂದು 412 ಪರಿಚ್ಛೇದಗಳಲ್ಲಿ ವಾಸ್ತವಾಂಶಗಳ ನಿರ್ಣಯವನ್ನು ಕೊಟ್ಟರು. 1996ರ ಜನವರಿಯಲ್ಲಿ ಶೇ 80ರಷ್ಟಿದ್ದ ನ್ಯಾವಿಗೇಟರಿನ ಬಳಕೆ 1997ರ ನವೆಂಬರಿಗೆ ಶೇ 55ಕ್ಕೆ ಇಳಿದು, ಎಕ್ಸ್‌ಪ್ಲೋರರ್ ಶೇ 5ರಿಂದ ಶೇ 36ಕ್ಕೆ ಏರಿದ್ದನ್ನು ಅವರು ದಾಖಲಿಸಿದರು. ಎಕ್ಸ್‌ಪ್ಲೋರರಿನ ಗುಣಮಟ್ಟವೂ ಆ ಹೊತ್ತಿಗೆ ಸುಧಾರಿಸಿತ್ತೆಂಬುದನ್ನು ಮರೆಯಬಾರದು; ಮೂರನೆಯ ಮತ್ತು ನಾಲ್ಕನೆಯ ಆವೃತ್ತಿಗಳು ನ್ಯಾವಿಗೇಟರಿಗೆ ಸರಿಸಾಟಿಯಾಗಿದ್ದವು. ಆ ನಡುವೆ ಅಮೆರಿಕ ಆನ್‌ಲೈನ್ ಕಂಪನಿ ನೆಟ್‌ಸ್ಕೇಪನ್ನೇ ಕೊಂಡಿತ್ತು. ಮೇಲ್ಮನವಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಅವರ ಮಧ್ಯಸ್ಥಿಕೆ ಫಲಿಸದೆ, 2000ದ ಏಪ್ರಿಲ್ 3ರಂದು ಕಂಪನಿ ತಪ್ಪಿತಸ್ಥನೆಂದು ತೀರ್ಪು ಬಂತು. ಬ್ರೌಸರನ್ನು ಗಂಟುಹಾಕಿದ್ದೂ ತಪ್ಪುಗಳ ಪಟ್ಟಿಯಲ್ಲಿತ್ತು. ಜೂನ್ 7ರಂದು ಕಂಪನಿಯನ್ನು ಆಪರೇಟಿಂಗ್ ಸಿಸ್ಟಮ್‌ಗೊಂದು, ಉಳಿದ ತಂತ್ರಾಂಶಗಳಿಗೊಂದು ಎಂದು ಎರಡಾಗಿ ಒಡೆಯುವ ಆದೇಶವೂ ಹೊರಬಿತ್ತು.

ಮೇಲ್ಮನವಿಯಲ್ಲಿ ಉಳಿದದ್ದು, ಅಳಿದದ್ದು

ಸುಪ್ರೀಂ ಕೋರ್ಟ್ ನೇರ ಮೇಲ್ಮನವಿಯನ್ನು ಒಪ್ಪದ್ದರಿಂದ ಪ್ರಕರಣವು ಡಿ.ಸಿ. ಸರ್ಕಿಟ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿನ ಏಳು ನ್ಯಾಯಾಧೀಶರು ಒಟ್ಟಾಗಿ ಕುಳಿತು, 2001ರ ಜೂನ್ 28ರಂದು ಒಮ್ಮತದ, ಯಾರೊಬ್ಬರ ಹೆಸರನ್ನೂ ಹೊರದ ತೀರ್ಪು ಕೊಟ್ಟರು. ಈ ತೀರ್ಪಿನ ಹೆಣಿಗೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದು ಅವಶ್ಯ, ಏಕೆಂದರೆ ಇಂದಿಗೂ ಜೀವಂತವಾಗಿರುವುದು ಇದೇ.

ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡ ಆರೋಪ ನಿಂತಿತು. ಚಿಹ್ನೆ ತೆಗೆಯಬಾರದು, ಪರದೆಯ ಕ್ರಮ ಬದಲಿಸಬಾರದು ಎಂಬ ಷರತ್ತುಗಳು ತಪ್ಪೆಂದು ನ್ಯಾಯಾಲಯ ಹೇಳಿತು. ವಿಂಡೋಸಿನ ಕೃತಿಸ್ವಾಮ್ಯ ತನ್ನದಾದ್ದರಿಂದ ಪರವಾನಗಿಯಲ್ಲಿ ಏನನ್ನು ಬೇಕಾದರೂ ಬರೆಯಬಹುದೆಂಬ ಕಂಪನಿಯ ವಾದವನ್ನು ನ್ಯಾಯಾಧೀಶರು ಹೆಚ್ಚುಕಡಿಮೆ ಗೇಲಿಯನ್ನೇ ಮಾಡಿದರು. ಬೇಸ್‌ಬಾಲ್ ದಾಂಡು ನನ್ನ ಸ್ವಂತದ್ದು, ಆದ್ದರಿಂದ ಅದರಿಂದ ಏನು ಮಾಡಿದರೂ ನಾನು ಹೊಣೆಯಲ್ಲ ಎನ್ನುವುದಕ್ಕಿಂತ ಇದು ಮೇಲಲ್ಲ ಎಂದರು. ‘ಆಡ್/ರಿಮೂವ್’ ಪಟ್ಟಿಯಿಂದ ಎಕ್ಸ್‌ಪ್ಲೋರರನ್ನು ಹೊರಗಿಟ್ಟದ್ದು ತಪ್ಪೆಂದಾಯಿತು. ಎರಡೂ ಕೋಡ್‌ಗಳನ್ನು ಒಂದೇ ಕಡತದಲ್ಲಿ ಕಲೆಸಿದ್ದೂ ತಪ್ಪೆಂದಾಯಿತು, ಆದರೆ ಅದಕ್ಕೆ ಕೊಟ್ಟ ಕಾರಣವನ್ನು ಗಮನಿಸಬೇಕು: ಕಲೆಸುವುದೇ ಅಪರಾಧವೆಂದು ನ್ಯಾಯಾಲಯ ಹೇಳಲಿಲ್ಲ, ಕಲೆಸಿದ್ದರಿಂದ ತಯಾರಕರು ಬೇರೆ ಬ್ರೌಸರ್ ಹಾಕಲು ಹಿಂಜರಿದದ್ದು ಸಾಬೀತಾಗಿದ್ದು, ಹಾಗೆ ಮಾಡಿದ್ದಕ್ಕೆ ನಿರ್ದಿಷ್ಟ ತಾಂತ್ರಿಕ ಲಾಭವೊಂದನ್ನು ಕಂಪನಿ ತೋರಿಸಲಿಲ್ಲ ಎಂದಿತು. ಇದಕ್ಕೆ ವಿರುದ್ಧವಾಗಿ, ಬಳಕೆದಾರನ ಆಯ್ಕೆಯನ್ನು ಮೀರಿ ಎಕ್ಸ್‌ಪ್ಲೋರರ್ ತೆರೆದುಕೊಳ್ಳುತ್ತಿದ್ದ ಸಂದರ್ಭಗಳಿಗೆ ಕಂಪನಿ ತಾಂತ್ರಿಕ ಕಾರಣ ಕೊಟ್ಟಿತ್ತು, ಸರ್ಕಾರ ಅದನ್ನು ಅಲ್ಲಗಳೆದಿರಲಿಲ್ಲ. ಆದ್ದರಿಂದ ಅಲ್ಲಿ ಹೊಣೆ ಬೀಳಲಿಲ್ಲ. ಬ್ರೌಸರನ್ನು ಪುಕ್ಕಟೆ ಕೊಟ್ಟದ್ದೂ ತಪ್ಪಲ್ಲವೆಂದಾಯಿತು.

ಬ್ರೌಸರ್ ಮಾರುಕಟ್ಟೆಯ ಏಕಸ್ವಾಮ್ಯಕ್ಕೆ ಯತ್ನಿಸಿದ ಆರೋಪ ಬಿದ್ದುಹೋಯಿತು. ಆ ಮಾರುಕಟ್ಟೆ ಯಾವುದೆಂದು ವಾದಿಗಳು ಸರಿಯಾಗಿ ಗುರುತಿಸಿಯೇ ಇರಲಿಲ್ಲ. ಇನ್ನು ಗಂಟುಹಾಕಿದ ಆರೋಪ. ಎರಡು ಬೇರೆ ಬೇರೆ ಉತ್ಪನ್ನಗಳನ್ನು ಬಲವಂತದಿಂದ ಜೋಡಿಸಿದರೆ ಹೆಚ್ಚು ವಿಚಾರಿಸದೆ ಅದು ಅಕ್ರಮವೆಂದು ಎಣಿಸುವ ಹಳೆಯ ನಿಯಮವೊಂದು ಅಮೆರಿಕದ ಕಾನೂನಿನಲ್ಲಿತ್ತು. ಎರಡು ಉತ್ಪನ್ನಗಳೋ ಒಂದೋ ಎಂದು ತಿಳಿಯಲು, ಎರಡನೆಯದನ್ನು ಬೇರೆಯಾಗಿ ಕೊಳ್ಳುವ ಬೇಡಿಕೆ ಇದೆಯೇ ಎಂದು ಸುಪ್ರೀಂ ಕೋರ್ಟಿನ 1984ರ ಜೆಫರ್ಸನ್ ಪ್ಯಾರಿಷ್ ತೀರ್ಪಿನಂತೆ ನೋಡಲಾಗುತ್ತಿತ್ತು. ಈ ಅಳತೆಗೋಲು ಹಿಂದಕ್ಕೆ ನೋಡುವಂಥದ್ದು, ಎರಡು ಕೆಲಸಗಳನ್ನು ಮೊದಲ ಬಾರಿಗೆ ಒಂದಾಗಿಸುವ ಯಾರೂ ಅದರ ಮುಂದೆ ತೇರ್ಗಡೆಯಾಗಲಾರರು ಎಂದು ಏಳು ನ್ಯಾಯಾಧೀಶರು ಹೇಳಿದರು. ಮೇಲೆ ಬೇರೆ ತಂತ್ರಾಂಶಗಳು ನಿಲ್ಲುವ ವೇದಿಕೆಯಂತಹ ತಂತ್ರಾಂಶಕ್ಕೆ ಈ ಕುರುಡು ನಿಯಮ ಹೊಂದುವುದಿಲ್ಲ, ಸಾಧಕ ಬಾಧಕಗಳನ್ನು ತೂಗಿ ನೋಡಬೇಕು ಎಂದು ಆ ಆರೋಪವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸಿದರು. ಕಂಪನಿ ಒಡೆಯುವ ಆದೇಶ ರದ್ದಾಯಿತು, ಏಕೆಂದರೆ ಪರಿಹಾರದ ಬಗ್ಗೆ ಜಾಕ್ಸನ್ ಪ್ರತ್ಯೇಕ ವಿಚಾರಣೆಯನ್ನೇ ನಡೆಸಿರಲಿಲ್ಲ. ಪ್ರಕರಣ ಇನ್ನೂ ನಡೆಯುತ್ತಿದ್ದಾಗ ಅವರು ಪತ್ರಕರ್ತರೊಂದಿಗೆ ಗುಟ್ಟಾಗಿ ಮಾತಾಡಿದ್ದರು, ಗೇಟ್ಸ್‌ರನ್ನು ನೆಪೋಲಿಯನ್‌ಗೆ ಹೋಲಿಸಿದ್ದರು. ನಿಜವಾದ ಪಕ್ಷಪಾತಕ್ಕೆ ಪುರಾವೆ ಇಲ್ಲವೆಂದರೂ ಹಾಗೆ ತೋರುವಂತೆ ನಡೆದುಕೊಂಡದ್ದಕ್ಕಾಗಿ ಅವರನ್ನು ಪ್ರಕರಣದಿಂದ ತೆಗೆದುಹಾಕಲಾಯಿತು.

ಎರಡು ವಾರಗಳೊಳಗೆ ಮೈಕ್ರೋಸಾಫ್ಟ್ ತಾನಾಗಿಯೇ ಒಂದು ಪ್ರಕಟಣೆ ಹೊರಡಿಸಿತು. ಬರಲಿರುವ ವಿಂಡೋಸ್ ಎಕ್ಸ್‌ಪಿಯಲ್ಲಿ ತಯಾರಕರು ಎಕ್ಸ್‌ಪ್ಲೋರರಿನ ಚಿಹ್ನೆ ತೆಗೆಯಬಹುದು, ‘ಆಡ್/ರಿಮೂವ್’ ಪಟ್ಟಿಗೆ ಅದರ ಹೆಸರೂ ಸೇರುತ್ತದೆ ಎಂದಿತು. ಸೆಪ್ಟೆಂಬರ್ 6ರಂದು, ಆಡಳಿತ ಬದಲಾಗಿದ್ದ ನ್ಯಾಯಾಂಗ ಇಲಾಖೆಯು ಕಂಪನಿಯನ್ನು ಒಡೆಯಲು ಕೇಳುವುದಿಲ್ಲವೆಂದೂ, ಗಂಟುಹಾಕಿದ ಆರೋಪವನ್ನು ಮುಂದುವರಿಸುವುದಿಲ್ಲವೆಂದೂ ತಿಳಿಸಿತು. ಹಾಗಾಗಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಉತ್ತರವಿಲ್ಲದೆ ಅಲ್ಲಿಗೇ ನಿಂತಿತು. ನವೆಂಬರಿನಲ್ಲಿ ರಾಜಿಯಾಯಿತು. ಕೆಲವು ರಾಜ್ಯಗಳು ಒಪ್ಪದೆ ಮುಂದುವರಿದರೂ 2002ರ ನವೆಂಬರ್ 1ರಂದು ನ್ಯಾಯಾಧೀಶೆ ಕಾಲೀನ್ ಕೊಲ್ಲರ್-ಕೊಟೆಲಿ ರಾಜಿಯ ಮುಖ್ಯಾಂಶಗಳನ್ನೇ ಎತ್ತಿಹಿಡಿದರು. ತಯಾರಕರ ಮೇಲೆ ಸೇಡು ತೀರಿಸಿಕೊಳ್ಳಬಾರದು, ದೊಡ್ಡ ಇಪ್ಪತ್ತು ತಯಾರಕರಿಗೆ ಏಕರೂಪದ ಪರವಾನಗಿ ಇರಬೇಕು, ಬ್ರೌಸರಿನಂತಹ ತಂತ್ರಾಂಶಗಳ ಚಿಹ್ನೆಗಳನ್ನು ಮರೆಮಾಡಲು ಬಿಡಬೇಕು. ಕೋಡ್ ಎಲ್ಲಿತ್ತೋ ಅಲ್ಲೇ ಇರಬಹುದಿತ್ತು. 1997ರಲ್ಲಿ 90 ಸೆಕೆಂಡಿನಲ್ಲಿ ಆದದ್ದು ಎಷ್ಟೋ, 2002ರ ತೀರ್ಪು ಕೊಟ್ಟದ್ದೂ ಸರಿಸುಮಾರು ಅಷ್ಟೇ.

ತಡವಾಗಿ ಬಂದ ಪರಿಣಾಮ

ಅಷ್ಟರಲ್ಲಿ ಬ್ರೌಸರುಗಳ ಯುದ್ಧ ಮುಗಿದಿತ್ತು. ಎಕ್ಸ್‌ಪ್ಲೋರರಿನ ಪಾಲು ಶೇ 90ನ್ನು ಮೀರಿತು. ಎದುರಾಳಿ ಇಲ್ಲದ ಮೇಲೆ ಅದರ ಬೆಳವಣಿಗೆಯೂ ನಿಂತು, 2001ರ ಆರನೆಯ ಆವೃತ್ತಿಗೂ 2006ರ ಏಳನೆಯದಕ್ಕೂ ನಡುವೆ ಐದು ವರ್ಷ ಕಳೆದವು. ನೆಟ್‌ಸ್ಕೇಪಿನ ಪರವಾಗಿ ಹೂಡಿದ ಖಾಸಗಿ ಮೊಕದ್ದಮೆಯನ್ನು ಮೈಕ್ರೋಸಾಫ್ಟ್ 2003ರಲ್ಲಿ 75 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು.

ಈ ಏಕಸ್ವಾಮ್ಯದ ಬಿಸಿ ಕನ್ನಡದ ಜಾಲತಾಣಗಳಿಗೂ ತಟ್ಟಿದ್ದುಂಟು. ಎಲ್ಲ ಲಿಪಿಗಳ ಅಕ್ಷರಗಳಿಗೆ ಒಂದೇ ಸಂಕೇತ ಕ್ರಮ ಕೊಡುವ ಯೂನಿಕೋಡ್ ನೆಲೆಗೊಳ್ಳುವ ಮೊದಲು ಕನ್ನಡದ ತಾಣಗಳು ತಮ್ಮ ತಮ್ಮ ಫಾಂಟುಗಳನ್ನು ಬಳಸುತ್ತಿದ್ದವು. ಓದುಗ ಫಾಂಟನ್ನು ಬೇರೆಯಾಗಿ ಇಳಿಸಿಕೊಳ್ಳದೆಯೇ ಅಕ್ಷರಗಳು ಮೂಡುವಂತೆ ಮಾಡಲು ಮೈಕ್ರೋಸಾಫ್ಟ್‌ನ ‘ಇಒಟಿ’ ಎಂಬ ಹುದುಗಿಸಿದ ಫಾಂಟಿನ ತಂತ್ರ ಒದಗಿತು, ಆದರೆ ಅದು ನಡೆಯುತ್ತಿದ್ದದ್ದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ. ಬೇರೆ ಬ್ರೌಸರಿನಲ್ಲಿ ಅದೇ ಪುಟ ತೆರೆದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಜಾಕ್ಸನ್ ವಿಂಡೋಸಿನ ಸುತ್ತ ಕಂಡಿದ್ದ ಪ್ರವೇಶ ತಡೆ ಒಂದು ಮಹಡಿ ಮೇಲೇರಿ ಬ್ರೌಸರಿನ ಸುತ್ತಲೂ ಎದ್ದು ನಿಂತಿತ್ತು.

ಯುರೋಪಿನಲ್ಲಿ ಓಪೆರಾ ಕಂಪನಿ 2007ರ ಡಿಸೆಂಬರಿನಲ್ಲಿ ಕೊಟ್ಟ ದೂರಿನಿಂದ ಇದೇ ವಿವಾದ ಮತ್ತೆ ತೆರೆಯಿತು. ಅಲ್ಲಿನ ಆಯೋಗ ಬೆಸುಗೆಯನ್ನು ಬಿಡಿಸಲು ಹೋಗದೆ, ಬಳಕೆದಾರನ ಮುಂದೆ ಹಲವು ಬ್ರೌಸರುಗಳನ್ನು ಇಡುವ ಆಯ್ಕೆಯ ಪರದೆಗೆ 2009ರ ಡಿಸೆಂಬರ್ 16ರಂದು ಒಪ್ಪಿಗೆ ಪಡೆಯಿತು. ಬ್ರೌಸರುಗಳ ಕ್ರಮ ಪ್ರತಿ ಸಲವೂ ಯಾದೃಚ್ಛಿಕವಾಗಿರಬೇಕಿತ್ತು. ಆದರೆ ಮೊದಲು ಬಿಟ್ಟ ಪ್ರೋಗ್ರಾಮ್‌ನಲ್ಲಿ ಕಲೆಸುವ ವಿಧಾನವೇ ತಪ್ಪಾಗಿದ್ದು, ಎಲ್ಲ ಸ್ಥಾನಗಳು ಎಲ್ಲರಿಗೂ ಸಮನಾಗಿ ಸಿಗುತ್ತಿರಲಿಲ್ಲ. ಎಕ್ಸ್‌ಪ್ಲೋರರೇ ಕೊನೆಯ ಸ್ಥಾನದಲ್ಲಿ ಹೆಚ್ಚು ಬರುತ್ತಿದ್ದದ್ದರಿಂದ ಇದರಲ್ಲಿ ಕುತಂತ್ರಕ್ಕಿಂತ ಅಜಾಗರೂಕತೆ ಕಂಡಿತು. ಮುಂದೆ ವಿಂಡೋಸ್ 7ರ ಒಂದು ಪರಿಷ್ಕರಣೆಯಲ್ಲಿ ಆ ಪರದೆಯೇ ಬಿಟ್ಟುಹೋಗಿ, ಸುಮಾರು 1.5 ಕೋಟಿ ಬಳಕೆದಾರರಿಗೆ ಅದು ಕಾಣಲೇ ಇಲ್ಲ. 2013ರ ಮಾರ್ಚಿನಲ್ಲಿ ಕಂಪನಿ ಅದಕ್ಕೆ ತೆತ್ತ ದಂಡ 56.1 ಕೋಟಿ ಯೂರೊ.

ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಪ್ಲೇ ಸ್ಟೋರ್ ಬೇಕೆಂಬ ಫೋನ್ ತಯಾರಕರು ಕ್ರೋಮ್ ಸೇರಿದಂತೆ ಇಡೀ ಗೊಂಚಲನ್ನು ಹಾಕಲೇಬೇಕೆಂಬ ಒಪ್ಪಂದವೇ ಅದರ ಮುಖ್ಯ ಗುರಿಯಾಗಿತ್ತು. ಮೊದಲೇ ಹಾಕಿದ ಆ್ಯಪುಗಳನ್ನು ಬಳಕೆದಾರ ತೆಗೆದುಹಾಕದಂತೆ ತಡೆಯಬಾರದೆಂದೂ ಆಯೋಗ ನಿರ್ದೇಶಿಸಿತ್ತು. 2023ರ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು. ತೆಗೆದದ್ದರಲ್ಲಿ ಈ ನಿರ್ದೇಶನವೂ ಒಂದು.

ಜಾಕ್ಸನ್ ಕುಳಿತಿದ್ದ ಅದೇ ಜಿಲ್ಲಾ ನ್ಯಾಯಾಲಯದಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ, ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿದೆಯೆಂದು 2024ರ ಆಗಸ್ಟ್ 5ರಂದು ತೀರ್ಪಿತ್ತಾಗ ಹೆಜ್ಜೆಹೆಜ್ಜೆಗೂ ಆಧರಿಸಿದ್ದು 2001ರ ಆ ಏಳು ನ್ಯಾಯಾಧೀಶರ ತೀರ್ಪನ್ನೇ. ಕ್ರೋಮ್ ಬ್ರೌಸರನ್ನು ಮಾರಿಸಬೇಕೆಂದು ಸರ್ಕಾರ ಕೇಳಿತು. 2025ರ ಸೆಪ್ಟೆಂಬರ್ 2ರಂದು ಮೆಹ್ತಾ ಅದನ್ನು ನಿರಾಕರಿಸಿ, ಕ್ರೋಮ್ ಗೂಗಲ್‌ನಲ್ಲೇ ಇರಲಿ, ಆದರೆ ಅದನ್ನೂ ಹುಡುಕಾಟದ ಸೇವೆಯನ್ನೂ ಹಂಚುವುದಕ್ಕೆ ಬೇರೆಯವರನ್ನು ಹೊರಗಿಡುವ ಒಪ್ಪಂದಗಳನ್ನು ಮಾಡಿಕೊಳ್ಳಕೂಡದು ಎಂದರು.